ಕನ್ನಡಿ ಹಿಡಿದ ಲಕ್ಕಯ್ಯ

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯಲ್ಲಿ ಲಕ್ಕಯ್ಯ ಕಾವಲುಗಾರ. ಹೆಸರಿಗೆ ಕಾವಲು, ನಿಜವಾದ ಕೆಲಸ ಕನ್ನಡಿ ಹಿಡಿಯುವುದು. ಗರ್ಭಗುಡಿಯಲ್ಲಿ ಹಗಲಲ್ಲೂ ಕತ್ತಲೆ. ಅಂಗಳದ ಬಿಸಿಲಲ್ಲಿ ನಿಂತು, ಮರದ ಚೌಕಟ್ಟಿನ ದೊಡ್ಡ ಕನ್ನಡಿಯಿಂದ ಆತ ಬೆಳಕನ್ನು ಒಳಕ್ಕೆ ಹಾಯಿಸಿದರೆ, ನೋಡಬಂದವರಿಗೆ ದೇವಿ ಕಾಣುತ್ತಿದ್ದಳು. "ಇನ್ನೂ ಮೇಲೆ ಹಿಡಿಯಪ್ಪಾ!" ಎಂದು ಒಳಗಿನಿಂದ ಕೂಗುತ್ತಿದ್ದರು. ಎತ್ತುತ್ತಿದ್ದ. "ಅಮ್ಮ ನಗ್ತಾವ್ಳೆ, ನೋಡಿ ಸಾ," ಎನ್ನುತ್ತಿದ್ದ. ಅದು ಹಿಂದಿನ ಕಾವಲುಗಾರ ಬೈರಯ್ಯ ಹೇಳಿಕೊಟ್ಟ ಮಾತು. ಮಂಗಳಾರತಿಯಲ್ಲಿ ಮೂಗುತಿ ಮಿನುಗಿದ್ದು ಬಿಟ್ಟರೆ ಲಕ್ಕಯ್ಯ ಆ ಮುಖ ಕಂಡವನೇ ಅಲ್ಲ. ಒಳಗೆ ಹೋದರೆ ಕನ್ನಡಿ ಹಿಡಿಯುವವರಾರು? ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಹದಿನಾರು ವರ್ಷ ಹೀಗೇ ಕಳೆಯಿತು. ತೋಳು ಸೋತವು, ಕಣ್ಣು ಮಂಜಾದವು. ಅರವತ್ತೆರಡನೇ ಇಸವಿಯಲ್ಲಿ ಗುಡಿಯ ಬಾಗಿಲ ಬಳಿ ಪ್ರವಾಸಿಗರಿಗೆಂದು ಒಂದು ಕೊಠಡಿ ಎದ್ದಿತು. ಒಳಗೆ ಬೆಂಚು, ನೀರಿನ ಹೂಜಿ, ಅಭಿಪ್ರಾಯ ಬರೆಯುವ ಪುಸ್ತಕ. ಬೆಂಚು ಬಂದವರಿಗೆ; ಕಾವಲುಗಾರ ನಿಂತೇ ಇರಬೇಕಂತೆ. ದೊಡ್ಡವರ ಬುದ್ಧಿ, ನಾವೇನು ಹೇಳೋಣ!

ಆ ವರ್ಷವೇ ಹಾಸನದ ಡಾಕ್ಟರು, ಬಲಗಣ್ಣು ಹೋಯಿತು, ಎಡಗಣ್ಣೂ ದೀಪಾವಳಿ ದಾಟುವುದು ಕಷ್ಟ ಎಂದರು. ಕೆಲಸ ಹೋಗುವ ಚಿಂತೆಗಿಂತ ಲಕ್ಕಯ್ಯನ ಹೊಟ್ಟೆ ಉರಿಸಿದ್ದು ಒಂದೇ: ಲೋಕಕ್ಕೆಲ್ಲ ತೋರಿಸಿದ ಮುಖ ತಾನು ನೋಡಲಿಲ್ಲವಲ್ಲ.

ಮರುದಿನ ಹೆಂಡತಿ ರೇವಮ್ಮ ಮುದ್ದೆ ತಂದಾಗ ಕನ್ನಡಿಯನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದ. ಬೆಳಕು ಕಂಬದ ಮೇಲೆಲ್ಲ ತಡವರಿಸಿ, ದೇವಿಯ ಪಾದಕ್ಕೆ ಬಂದು ನಿಂತಿತು.

"ವಸಿ ಮೇಲಕ್ಕೆತ್ತೇ!"

"ಆಗಕಿಲ್ಲ ಕಣ್ರೀ, ತೋಳು ಬಿದ್ದೋಯ್ತವೆ!"

ಪಾದದ ಮೇಲಿನ ಬೆಳಕು ನಡುಗುತ್ತಿತ್ತು. ಹದಿನಾರು ವರ್ಷ ತನಗೆ ಕೂಗಿದ್ದನ್ನೇ ತಾನೂ ಕೂಗಿದೆನಲ್ಲ ಎಂದು ಲಕ್ಕಯ್ಯನಿಗೆ ನಾಚಿಕೆಯಾಯಿತು. ಇನ್ನೊಮ್ಮೆ ಕೂಗಲು ಬಾಯಿ ಬರಲಿಲ್ಲ. ಹೊರಗೆ ಬಂದು ಕನ್ನಡಿ ಇಸಿದುಕೊಂಡ.

"ನೀನಾದ್ರೂ ನೋಡೋಗು. ಅಮ್ಮ ನಗ್ತಾವ್ಳೆ."

ರೇವಮ್ಮ ಬಹಳ ಹೊತ್ತು ಒಳಗಿದ್ದಳು. ಬಂದವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ನಗೋದೆಲ್ಲಿ ಬಂತು? ನಿಂತೂ ನಿಂತೂ ಸಾಕಾದಂಗವ್ಳೆ. ನಿಮ್ ಮಕಾನೇ ಕಣ್ರೀ ಅವ್ಳಿಗೂ," ಎಂದಳು.

ಲಕ್ಕಯ್ಯ ಕನ್ನಡಿಯನ್ನು ಗೋಡೆಗೆ ಒರಗಿಸಿದ. ಅವಳನ್ನು ಕೊಠಡಿಗೆ ಕರೆದೊಯ್ದು ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತು ಮುದ್ದೆ ಮುರಿದ. ಅಷ್ಟರಲ್ಲಿ ಕಾರಿನಿಂದ ಇಳಿದವರೊಬ್ಬರು, "ಏನಯ್ಯಾ, ಕನ್ನಡಿ ಹಿಡಿಯೋರು ಯಾರೂ ಇಲ್ವೇ?" ಎಂದು ಗದರಿದರು.

"ಉಂಡ್ಕಂಡು ಬತ್ತೀನಿ ಸಾ," ಎಂದ ಲಕ್ಕಯ್ಯ, ಕೂತಲ್ಲಿಂದಲೇ. "ಅಮ್ಮ ಎಂಟ್ನೂರು ವರ್ಸದಿಂದ ನಿಂತವ್ಳೆ. ನೀವೂ ವಸಿ ನಿಂತಿರಿ."