ಕೆರೆ ಖಾಲಿ ಮಾಡಿದ ಕೂಗು

ದುರ್ಬೀನಿನ ಪಟ್ಟಿ ನನ್ನ ಬೋರಮಾಳ ಸರಕ್ಕೆ ತೊಡರಿಕೊಂಡದ್ದನ್ನು ಬಿಡಿಸುವುದರಲ್ಲೇ ಸಾಕುಬೇಕಾಯಿತು ನೋಡ್ರಿ. ಬಿಡಿಸಿದ ಮೇಲೆ ಅದನ್ನು ಮೊಮ್ಮಗಳು ಗಿರಿಜಾಳ ಕೈಗೆ ವಾಪಸ್ ಕೊಟ್ಟೆ. ಹತ್ತಿರದ ಅಕ್ಷರ ನನಗೆ ಮಸುಕು, ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳಿಗೆ ಅದರಿಂದ ದೊಡ್ಡ ಲುಕ್ಸಾನವೂ ಇಲ್ಲ. ದೂರದ ಹಕ್ಕಿ ಮಾತ್ರ ಇವತ್ತಿಗೂ ಚೊಕ್ಕ ಕಾಣುತ್ತದೆ.

ಬ್ಯಾಡಗಿಯಿಂದ ಮೊದಲನೇ ಬಸ್ಸಿಗೆ ಹಾವೇರಿಗೆ ಬಂದು ಈ ಕೆರೆ ದಂಡೆಯ ಉದ್ಯಾನದಲ್ಲಿ ಕೂತದ್ದು ಹಕ್ಕಿಯ ಮೋಹಕ್ಕಲ್ಲ. ಗಿರಿಜಾ ಕಾಲೇಜಿಗೆ ವರದಿ ಬರೆಯಬೇಕಿತ್ತು. ಮೂರು ರವಿವಾರ, ಅದೇ ಜಾಗ, ಏಳರಿಂದ ಎಂಟರೊಳಗೆ ಹಕ್ಕಿ ಎಣಿಸಬೇಕು. ಇದು ಮೂರನೆಯದು. ಮರುದಿನವೇ ವರದಿ ಕೊಡಬೇಕಾದ್ದರಿಂದ ಇದು ತಪ್ಪಿದರೆ ಮೊದಲಿನ ಎರಡೂ ದಂಡ. ಜೊತೆಗೆ ಬರುವ ಗೆಳತಿಗೆ ಜ್ವರ ಬಂದಿತ್ತೆಂದು ನನ್ನನ್ನು ಎಳೆದುಕೊಂಡು ಬಂದಿದ್ದಳು.

ಕೆರೆ ಅಂದರೆ ನೀರು ಅಂತಲೇ ತಿಳಿದಿದ್ದೆ. ಕೂತು ನೋಡಿದರೆ ಅದೊಂದು ಊರು. ನಡುನೀರಿನಲ್ಲಿ ಬಾತುಗಳ ಪ್ಯಾಟಿ, ಒಂದಕ್ಕೂ ಅವಸರವಿಲ್ಲ. ಅಂಚಿನ ರಾಡಿಯಲ್ಲಿ ಉದ್ದ ಕಾಲಿನವು, ಸೀರೆ ಎತ್ತಿ ಕಟ್ಟಿ ಕಳೆ ತೆಗೆಯುವ ಹೆಂಗಸರಂತೆ ಬಗ್ಗಿಕೊಂಡೇ ನಡೆಯುತ್ತವೆ. ಜೊಂಡಿನೊಳಗೆ ನೇರಳೆ ಬಣ್ಣದ ಜಂಬುಕೋಳಿಗಳ ಜಗಳ, ಜಾಲಿಗಿಡದ ಮೇಲೆ ಬೆಳ್ಳಕ್ಕಿಗಳ ಮೌನ, ನಮ್ಮ ಬೆಂಚಿನ ಹಿಂದಿನ ಒಣಹುಲ್ಲಿಗೆ ಬೇರೆಯೇ ಮಂದಿ. ಯಾರೂ ಬೇಲಿ ಹಾಕಿಲ್ಲ, ಆದರೂ ಒಂದು ಓಣಿಯವು ಇನ್ನೊಂದರಲ್ಲಿ ಮೂಗು ತೂರಿಸುವುದಿಲ್ಲ. ನಮ್ಮ ಓಣಿಯವರು ಒಮ್ಮೆ ಬಂದು ನೋಡಬೇಕು.

ಗಿರಿಜಾ ಹಕ್ಕಿ ಲೆಕ್ಕ ತುಂಬುವ ತಖ್ತೆಯ ಹಾಳೆ ಬಿಡಿಸಿ ಪೆನ್ನು ತೆಗೆದಳು. ಅಷ್ಟರಲ್ಲಿ ಕರಿ ತಲೆಯ, ಗುಲಾಬಿ ಮೈಯ ಹಕ್ಕಿಗಳ ದೊಡ್ಡ ಹಿಂಡೊಂದು ಭರ್ರನೆ ಬಂದು ಹುಲ್ಲಿಗೆ ಇಳಿಯಿತು. ನಾನು ಎದ್ದು ನಿಂತು ಎರಡೂ ಕೈ ಎತ್ತಿ "ಹೋ... ಹೋಯ್!" ಎಂದು ಕೂಗಿಬಿಟ್ಟೆ.

ಆ ಕೂಗು ನನ್ನನ್ನು ಕೇಳಿ ಬಂದದ್ದಲ್ಲ. ಕದರಮಂಡಲಗಿ ಹತ್ತಿರ ನಮ್ಮಪ್ಪನ ಹೊಲದಲ್ಲಿ, ಜೋಳದ ತೆನೆ ಹಾಲು ತುಂಬಿದಾಗಿನಿಂದ ಕೊಯ್ಲಿನವರೆಗೂ ಅಟ್ಟದ ಮೇಲೆ ಕವಣೆ ಹಿಡಿದು ಹಕ್ಕಿ ಕಾಯ್ದವಳು ನಾನು. ಇದೇ ಜಾತಿಯ ಹಿಂಡು ಇಳಿದರೆ ಗಳಿಗೆಯೊಳಗೆ ತೆನೆಯಲ್ಲಿ ಕಾಳೇ ಉಳಿಯುತ್ತಿರಲಿಲ್ಲ. ಅರವತ್ತು ವರ್ಷದ ಹಿಂದಿನ ಗಂಟಲು ತಾನಾಗಿ ತೆರೆದುಕೊಂಡಿತು.

ಹುಲ್ಲಿನವು ಎದ್ದವು, ಅವುಗಳ ಗಾಬರಿಗೆ ರಾಡಿಯವು, ಆಮೇಲೆ ಬಾತುಗಳ ಇಡೀ ಪ್ಯಾಟಿ. ಕೆರೆಯಲ್ಲಿ ನೀರಷ್ಟೇ ಉಳಿಯಿತು. ವಾಕಿಂಗಿಗೆ ಬಂದ ಒಬ್ಬರು ಓಡಿ ಬಂದು ಹಾವೇನಾದರೂ ಬಂತೇ ಎಂದು ಕೇಳಿದರು. ಇಲ್ಲರಿ, ನಾನೇ ಎಂದೆ.

"ಏನ್ ಮಾಡಿದಿ ಆಯಿ" ಎಂದಳು ಗಿರಿಜಾ. ಬೈದಿದ್ದರೆ ಸಸಾರವಿತ್ತು, ದನಿ ಸಣ್ಣಗಾಗಿತ್ತು. ಹಿಂದಿನ ಹಾಳೆ ತಿರುವಿ, "ಹೋದ ವಾರದ್ದ ನೋಡಿ ಬರಕೊಂಡುಬಿಡ್ಲಾ? ಯಾರಿಗೆ ಗೊತ್ತಾಗ್ತೈತಿ?"

"ಕಾಣದ್ದು ಬರೀಬ್ಯಾಡ. ಸುಮ್ನ ಕುಂದ್ರು, ತಿರುಗಿ ಬರ್ತಾವು."

"ನಿನಗ ಹ್ಯಾಂಗ ಗೊತ್ತು?"

"ಓಡಿಸಿದ ಮ್ಯಾಲ ಅವು ತಿರುಗಿ ಬರದಿದ್ದರ, ನಾ ಯಾಕ ಸಾಲಿ ಬಿಡತಿದ್ದೆ?"

ಕೂತೆವು. ಓಡಿಸುವವಳಿಗೆ ಹಕ್ಕಿಯ ಬಣ್ಣ ಬೇಕಿಲ್ಲ, ಎಲ್ಲಿ ಇಳಿಯಿತು ಎಂಬುದಷ್ಟೇ ಸಾಕು. ಅಷ್ಟು ವರ್ಷ ಕಣ್ಣೆದುರೇ ಇದ್ದದ್ದು ಗುಲಾಬಿ ಎಂದು ಗೊತ್ತಾದದ್ದು ಈಗ. ಅವುಗಳ ತಿರುಗಿ ಬರುವ ಹಟಕ್ಕೆ ಬೈದಷ್ಟು ನಾನು ಯಾರಿಗೂ ಬೈದಿಲ್ಲ, ಗಂಡನಿಗೂ. ಅದೇ ಹಟವನ್ನು ನಂಬಿಕೊಂಡು, ಬರಲಿ ಎಂದು ಉಸಿರು ಹಿಡಿದು ಕೂತದ್ದು ಜನ್ಮದಲ್ಲಿ ಅದೇ ಮೊದಲು.

ಏಳೂವರೆ ದಾಟಿತು. ಮೊದಲು ಬಾತುಗಳು ಎರಡು ಸುತ್ತು ಹಾಕಿ ನೀರಿಗೆ ಕೂತವು. ಹಿಂದೆಯೇ ರಾಡಿಯವು. ಎಲ್ಲಕ್ಕೂ ಕಡೆಗೆ ನನ್ನ ಜೋಳದ ಕಳ್ಳರು, ಅದೇ ಹುಲ್ಲಿಗೆ, ಏನೂ ಆಗಿಲ್ಲವೆಂಬಂತೆ. ಗಿರಿಜಾ ತುಟಿ ಕಚ್ಚಿಕೊಂಡು ಎಣಿಸಿದಳು. ಜೊಂಡಿನ ಮರೆಯಲ್ಲಿ ಅವಳ ದುರ್ಬೀನಿಗೆ ಸಿಗದ ನಾಲ್ಕನ್ನು ನಾನು ತೋರಿಸಿದೆ. ಎಂಟಕ್ಕೆ ಎಣಿಕೆ ಮುಗಿಯಿತು.

ತಖ್ತೆಯ ಕೊನೆಗೆ ಹಕ್ಕಿಗಳಿಗೆ ಆದ ಅಡಚಣೆ ಬರೆಯುವ ಸಾಲೊಂದಿತ್ತು. ಅವಳು ನನ್ನ ಮುಖ ನೋಡಿದಳು. ಖರೇ ಇದ್ದದ್ದು ಬರಿ ಎಂದೆ. ಬರೆದು, ನನಗೆ ಕಾಣುವುದಿಲ್ಲವೆಂದು ಗಟ್ಟಿಯಾಗಿ ಓದಿದಳು:

"ನಾಯಿ, ಇಲ್ಲ. ದನ, ಇಲ್ಲ. ಇತರೆ: ಅಜ್ಜಿ, ಒಂದು."