ಮೂವತ್ತೇಳನೆಯ ಹೈನ್ರಿಶ್‌ಗೆ ಬೆಸುಗೆ

ಎರ್ಲೆನ್‌ಫೆಲ್ಸ್ ಕೋಟೆಯ ನೆಲಮಾಳಿಗೆಯಲ್ಲಿ ಬೆಳಕು ಹರಿಯುವ ಮೊದಲೇ ಬೆಂಕಿ ಸಿದ್ಧ. ಆನೆಗ್ರೆಟ್ ಷ್ಟೋಕೆಲ್ ಕಾದ ಬೆಸುಗೆ ಕೋಲನ್ನು ಒದ್ದೆ ಬಟ್ಟೆಗೆ ಒತ್ತಿ, ಚುಂಯ್ ಎನ್ನುವ ಸದ್ದಿನಲ್ಲೇ ಶಾಖ ಅಳೆಯುತ್ತಾರೆ. ಎದುರಿಗಿರುವುದು ಹಸುಗೂಸಿನ ತವರದ ಶವಪೆಟ್ಟಿಗೆ. ಕೂಸಿನ ಎಲುಬುಗಳು ಬಿಳಿ ಬಟ್ಟೆಯ ಗಂಟಿನಲ್ಲಿ ಪಕ್ಕಕ್ಕಿವೆ. ಬಾಕಿ ಇರುವುದು ಒಂದೇ ಅಂಚು, ಆದರೆ ತವರ ಸವೆದು ಕಾಗದದಷ್ಟು ತೆಳುವಾಗಿದೆ. ಶಾಖ ಚೂರು ಹೆಚ್ಚಾದರೆ ಪೆಟ್ಟಿಗೆಯೇ ಕರಗಿ ಹರಿದೀತು. ಊರಿನ ಪತ್ರಿಕೆಗೆ ಬರೆಯಲು ಬಂದ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

ಈ ನೆಲಮಾಳಿಗೆಯಲ್ಲಿ ಮಲಗಿರುವ ದೊರೆಮನೆತನದ ಗಂಡಸರೆಲ್ಲರ ಹೆಸರೂ ಹೈನ್ರಿಶ್. ಈ ದೊರೆಗಳ ಮನೆಯಲ್ಲಿ ಹುಟ್ಟಿದ ಪ್ರತಿ ಗಂಡುಮಗುವಿಗೂ, ಪಟ್ಟವೇರಲಿ ಬಿಡಲಿ, ಅದೇ ಹೆಸರು, ಜೊತೆಗೊಂದು ಸರದಿಯ ಸಂಖ್ಯೆ. ಹಬ್ಬದೂಟದಲ್ಲಿ ಯಾರಾದರೂ ಹೈನ್ರಿಶ್ ಎಂದು ಕೂಗಿದರೆ ಪಂಕ್ತಿಗೆ ಪಂಕ್ತಿಯೇ ತಿರುಗುತ್ತಿತ್ತೆಂದು ನಮ್ಮೂರಲ್ಲಿ ಇಂದಿಗೂ ನಗುತ್ತಾರೆ. ಈ ಪೆಟ್ಟಿಗೆಯವನು ಮೂವತ್ತೇಳನೆಯವನು. ಬದುಕಿದ್ದು ಮೂರೇ ದಿನ.

ಆನೆಗ್ರೆಟ್ ಕೆಲಸ ಕಲಿತದ್ದು ಊರಿನ ಡಬ್ಬಿ ಕಾರ್ಖಾನೆಯಲ್ಲಿ. ಬರ್ಲಿನ್ ಗೋಡೆ ಬಿದ್ದ ಮೇಲೆ ಅದು ಮುಚ್ಚಿತು. ಆಮೇಲೆ ಸೂರಿನ ನೀರು ಹರಿಯುವ ತಗಡಿನ ದೋಣಿಗಳನ್ನು ರಿಪೇರಿ ಮಾಡುತ್ತ ಹೊಟ್ಟೆ ಹೊರೆದರು. ಈ ಪೆಟ್ಟಿಗೆಗಳ ದುರಸ್ತಿಗೆ ಕೋಟೆಯ ಕರೆ ಬಂದದ್ದು ತಲೆ ನರೆತ ಮೇಲೆ. "ಸತ್ತಿರೋ ಹೈನ್ರಿಶ್‌ಗಳಿಗೆ ನಡೆಯೋ ಉಪಚಾರ ಬದುಕಿರೋ ನಂಗಿಲ್ಲ" ಎಂದು ಗಂಡ ಡೆಟ್ಲೆಫ್ ಕಾಫಿ ಫ್ಲಾಸ್ಕ್ ಕೊಡುವಾಗಲೆಲ್ಲ ಕಾಲೆಳೆಯುತ್ತಾರೆ.

ದುರಸ್ತಿಗೆಂದು ಮುಚ್ಚಿದ್ದ ನೆಲಮಾಳಿಗೆ ಇವತ್ತು ಬೆಳಿಗ್ಗೆ ಹತ್ತಕ್ಕೆ ಮತ್ತೆ ಜನರಿಗೆ ತೆರೆಯುತ್ತದೆ. ಇಷ್ಟು ಹಾಳಾದ ಪೆಟ್ಟಿಗೆಯನ್ನು ಬಿಟ್ಟು, ಮಗುವನ್ನು ತೋಟದಲ್ಲಿ ಮಣ್ಣು ಮಾಡಿ, ಉಳಿದ ಪೆಟ್ಟಿಗೆಗಳನ್ನು ಒತ್ತಿಗೆ ಸರಿಸಿ ಸಾಲು ಕೂಡಿಸಿಬಿಡಿ ಎಂದಿತ್ತು ಕೋಟೆಯ ಸಮಿತಿ. ಈಕೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಬಾಗಿಲು ತೆರೆಯುವುದರೊಳಗೆ ಮುಗಿಸಿದರೆ ಸರಿ, ಇಲ್ಲವಾದರೆ ತೋಟವೇ ಎಂದು ಕೊನೆಗೆ ಮಾತಾಗಿದೆ.

"ಹೆಸ್ರು ಅವ್ನದ್ದಲ್ಲ, ಅಪ್ಪಂದು, ತಾತಂದು" ಎನ್ನುತ್ತಾರೆ ಆನೆಗ್ರೆಟ್. "ಅವ್ನದ್ದು ಅಂತ ಇರೋದು ಆ ಮೂವತ್ತೇಳು ಒಂದೇ. ಅದನ್ನೂ ಕಿತ್ಕೋಬೇಕಾ?"

ಕೋಲು ಅಂಚಿಗೆ ತಾಗುತ್ತದೆ. ತವರ ಮಿನುಗಿ, ಕುಸಿಯುವ ಹಾಗೆ ಬಾಗುತ್ತದೆ. ತಟ್ಟನೆ ಕೋಲೆತ್ತಿ ಊದುತ್ತಾರೆ. ಅಂಚು ನಿಲ್ಲುತ್ತದೆ. ಖುಷಿ ತಡೆಯಲಾಗದೆ ನಾನು ಚಪ್ಪಾಳೆ ತಟ್ಟಿದರೆ, ಇನ್ನೂ ಆರಿಲ್ಲ, ಸುಮ್ಮನಿರಿ ಎಂದು ಗದರುತ್ತಾರೆ.

ಆರಿದ ಮೇಲೆ ಬಟ್ಟೆಗಂಟನ್ನು ಒಳಗಿಟ್ಟು ಮುಚ್ಚಳ ಹಾಕುತ್ತಾರೆ. ಹೊರಲು ಬಂದ ಆಳುಗಳನ್ನು ದೂರ ನಿಲ್ಲಿಸಿ, ತಾವೇ ಎರಡೂ ತೋಳಲ್ಲಿ ಎತ್ತಿಕೊಳ್ಳುತ್ತಾರೆ. ಸಾಲಿನಲ್ಲಿ ಜಾಗ ಇಕ್ಕಟ್ಟು. ಪಕ್ಕದ ಮೂವತ್ತೆಂಟನೆಯವನು ಈ ಮಗುವಿನ ಬೆನ್ನಿಗೆ ಹುಟ್ಟಿ, ಹಣ್ಣು ಮುದುಕನಾಗಿ ಸತ್ತ ದೊರೆ. ಅವನ ಭಾರಿ ಪೆಟ್ಟಿಗೆಯನ್ನು ಆನೆಗ್ರೆಟ್ ಮೊಣಕೈಯಿಂದ ತಿವಿಯುತ್ತಾರೆ.

"ಸ್ವಲ್ಪ ಸರ್ಕೋ ಹೈನ್ರಿಶ್. ನಿಮ್ಮಣ್ಣ ಬಂದ."