ಎರಡನೇ ಕಣ್ಣಿಗೆ ಮೊದಲ ಗುರುತು ಕಾಣಬಾರದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ಡಿಪೋದ ಗೇಟಿನ ಎದುರು, ರಸ್ತೆಯ ಈಚೆ ಬದಿಯಲ್ಲಿ, ಟೀ ಅಂಗಡಿಯ ಗೋಡೆಗೆ ಒತ್ತಿಕೊಂಡಂತೆ ಮಡಚುವ ಮೇಜೊಂದನ್ನು ಹಾಕಿಕೊಂಡು ಒಬ್ಬ ಹೆಂಗಸು ಕುಳಿತಿದ್ದಾರೆ. ಮೇಜಿನ ಮೇಲೆ ಬಸ್ ಟೈರುಗಳ ಫೋಟೊ. ಪಾಳಿ ಮುಗಿಸಿ ಹೊರಬರುವ ಮೆಕ್ಯಾನಿಕ್‌ಗಳು ಕೈ ಒರೆಸಿಕೊಳ್ಳುತ್ತಾ ಒಬ್ಬೊಬ್ಬರಾಗಿ ಎದುರಿನ ಸ್ಟೂಲಿನ ಮೇಲೆ ಕೂರುತ್ತಾರೆ. "ಈ ಟೈರು ರಸ್ತೆಗೆ ಬಿಡಬಹುದಾ, ಬೇಡ್ವಾ?" ಇಷ್ಟೇ ಪ್ರಶ್ನೆ. ಸರಿಯಾಗಿ ಹೇಳಿದವರಿಗೆ ಶಹಬ್ಬಾಸ್‌ಗಿರಿ ಇಲ್ಲ, ತಪ್ಪಿದವರಿಗೆ ಹುಬ್ಬು ಗಂಟಿಕ್ಕುವುದೂ ಇಲ್ಲ. ಮೇಡಂ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ.

"ನಾನು ಸ್ವಲ್ಪ ನಕ್ಕರೂ ಸಾಕು, ಅವರು ಟೈರ್ ನೋಡೋದು ಬಿಟ್ಟು ನನ್ನ ಮುಖ ನೋಡೋಕೆ ಶುರು ಮಾಡ್ತಾರೆ" ಎನ್ನುತ್ತಾರೆ, ಸ್ಟೂಲು ಖಾಲಿಯಾದಾಗ.

ಇವರು ಮನೋವಿಜ್ಞಾನಿ. ಮನುಷ್ಯರು ಹೇಗೆ ಯೋಚಿಸುತ್ತಾರೆ, ಯಾವುದನ್ನು ನಂಬಿ ತೀರ್ಮಾನಕ್ಕೆ ಬರುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದೇ ಅವರ ಸಂಶೋಧನೆ. ಡಿಪೋದವರು ಇಟ್ಟಿರುವ ಹೆಸರು 'ಅನುಮಾನದ ಮೇಡಂ'. ನಾಲ್ಕು ತಿಂಗಳ ಹಿಂದಿನವರೆಗೂ ಈ ಮೇಜು ಡಿಪೋದ ಒಳಗಿತ್ತು. ಈಗ ಅವರು ಗೇಟು ದಾಟುವಂತಿಲ್ಲ. ಮಾಡಿದ ತಪ್ಪೇನು ಎಂದರೆ, ಬರೆದ ಒಂದು ಸಾಲನ್ನು ಅಳಿಸಲು ಒಪ್ಪಲಿಲ್ಲ.

ಹಗಲು ಹೊತ್ತು ಅವರು ಸಿಗುವುದು ಕಾಲೇಜಿನ ಹಿಂಭಾಗದ ಕೋಣೆಯಲ್ಲಿ. ಮೊದಲು ಅದು ಆಟದ ಸಾಮಾನು ಇಡುವ ಕೋಣೆಯಾಗಿತ್ತು. ಮೂಲೆಯಲ್ಲಿ ಈಗಲೂ ಹರಿದ ವಾಲಿಬಾಲ್ ನೆಟ್ ಇದೆ. ಕಿಟಕಿಗೆ ಅವರೇ ಹೊಲಿದ ಕಪ್ಪು ಪರದೆ, ಎರಡು ಕುರ್ಚಿ, ಆನ್ ಮಾಡಿದರೆ ಗೊರಕೆ ಹೊಡೆಯುವ ಕಂಪ್ಯೂಟರ್. ಇಷ್ಟಕ್ಕೆ 'ಪ್ರಯೋಗಾಲಯ' ಎಂಬ ಬೋರ್ಡು. ಅರ್ಧ ಆಯುಷ್ಯ ತಾತ್ಕಾಲಿಕ ಹುದ್ದೆಯಲ್ಲೇ ಕಳೆಯಿತು. ಜೊತೆಗೆ ಸೇರಿದವರೆಲ್ಲ ವಿಭಾಗದ ಮುಖ್ಯಸ್ಥರಾಗಿ, ಹಾರ ಹಾಕಿಸಿಕೊಂಡು ನಿವೃತ್ತರೂ ಆದರು. ಇವರ ಕೆಲಸ ಏನೆಂದೇ ಬಹಳ ಜನಕ್ಕೆ ತಿಳಿಯದು. ಕಾಲೇಜಿನ ಕ್ಲರ್ಕ್ ಮಗನ ಹಟಕ್ಕೆ ಮದ್ದು ಕೇಳುತ್ತಾರೆ. ನೆಂಟರ ಮನೆಯಲ್ಲಿ ಯಾರಾದರೊಬ್ಬರು "ನನ್ನ ಮನಸ್ಸಲ್ಲಿ ಏನಿದೆ ಹೇಳಿ ನೋಡೋಣ" ಎಂದು ಗೋಳು ಹೊಯ್ದುಕೊಳ್ಳುತ್ತಾರೆ.

"ಅದು ನಿಮಗೇ ಗೊತ್ತಿರಲ್ಲ, ನನಗೆ ಹೇಗೆ ಗೊತ್ತಾಗುತ್ತೆ?" ಎಂದು ಇವರು ತಟ್ಟೆಗೆ ಕೈ ಹಾಕುತ್ತಾರೆ.

ಈ ಹುಚ್ಚು ಹತ್ತಿದ್ದು ಚಿಕ್ಕಂದಿನಲ್ಲಿ. ಮನೆಯಲ್ಲಿ ಅಮ್ಮನ ಉಂಗುರ ಕಳೆದುಹೋಯಿತು. ಗಂಡನನ್ನು ಬಿಟ್ಟು ಬಂದು ಇವರ ಮನೆಯಲ್ಲಿದ್ದ ಚಿಕ್ಕಮ್ಮನ ಮೇಲೆ ಗೂಬೆ ಕೂತಿತು. ಆಕೆ ಬೀರುವಿನ ಹತ್ತಿರ ಸುಳಿದಾಡಿದ್ದನ್ನು ಕಂಡವರು ಒಬ್ಬೊಬ್ಬರಾಗಿ ಹುಟ್ಟಿಕೊಂಡರು. ಚಿಕ್ಕಮ್ಮ ಬಟ್ಟೆ ಗಂಟು ಕಟ್ಟಿಕೊಂಡು ಹೊರಟುಹೋದರು. ಆಮೇಲೆ ಬಚ್ಚಲಿನ ಪೈಪು ಕಟ್ಟಿಕೊಂಡು ಬಿಚ್ಚಿಸಿದಾಗ ಉಂಗುರ ಅಲ್ಲಿತ್ತು.

"ಮೊದಲು ಎಲ್ಲರೂ 'ಅವಳೇ ಕದ್ದಿದ್ದು, ನಮಗೆ ಆವತ್ತೇ ಗೊತ್ತಿತ್ತು' ಅಂದ್ರು. ಉಂಗುರ ಸಿಕ್ಕ ಮೇಲೆ ಅದೇ ಜನ 'ಅವಳು ಅಂಥೋಳಲ್ಲ, ನಮಗೆ ಆವತ್ತೇ ಗೊತ್ತಿತ್ತು' ಅಂದ್ರು. ಎರಡು ಸಲಾನೂ ಗೊತ್ತಿತ್ತಂತೆ! ಸುಳ್ಳು ಹೇಳ್ತಿರಲಿಲ್ಲ ಅವರು, ಅದೇ ನನಗೆ ಭಯ ಆಗಿದ್ದು. ಚಿಕ್ಕಮ್ಮ ಮಾತ್ರ ವಾಪಸ್ ಬರಲಿಲ್ಲ."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಯನ್ನು ನಾವೆಲ್ಲ ಹೇಳಿ ಸುಮ್ಮನಾಗುತ್ತೇವೆ. ಇವರು ಅದರ ಬೆನ್ನು ಹತ್ತಿದರು. ಕೆಟ್ಟ ಮೇಲೆ ಬಂದ ಬುದ್ಧಿ, 'ನಾನು ಮೊದಲಿನಿಂದಲೂ ಇಲ್ಲೇ ಇದ್ದೆ' ಎಂದು ಏಕೆ ಸಾಧಿಸುತ್ತದೆ ಎಂಬುದು ಅವರಿಗೆ ಬೇಕಾಗಿತ್ತು.

ಡಿಪೋಗೆ ಅವರನ್ನು ಕರೆತಂದದ್ದು ಒಂದು ಪದ್ಧತಿ. ಇಲ್ಲಿ ಪ್ರತಿ ಬಸ್ಸಿನ ಟೈರುಗಳನ್ನು ಬೆಳಗಿನ ಜಾವ ಇಬ್ಬರು ಪರೀಕ್ಷಿಸುತ್ತಾರೆ. ಮೊದಲನೆಯವರು ನೋಡಿ, ಸರಿಯಿದ್ದರೆ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಆಮೇಲೆ ಹಿರಿಯರೊಬ್ಬರು ಬಂದು ನೋಡಿ ಪಕ್ಕದಲ್ಲೇ ಇನ್ನೊಂದು ಗುರುತು ಹಾಕುತ್ತಾರೆ. ಎರಡು ಗುರುತು ಬಿದ್ದರೆ ಬಸ್ಸು ಹೊರಡುತ್ತದೆ. ಎರಡು ಜೊತೆ ಕಣ್ಣು ನೋಡಿವೆ, ಇನ್ನೇನು ಭಯ ಎಂದು ಎಲ್ಲರೂ ನಿಶ್ಚಿಂತೆಯಿಂದ ಇದ್ದರು.

ಮೇಡಂಗೆ ಅನುಮಾನ ಬಂತು. ಗುಜರಿಗೆ ಹಾಕಿದ್ದ, ದೋಷವಿರುವ ಟೈರುಗಳನ್ನು ಆಯ್ದು ಹಿರಿಯ ಪರೀಕ್ಷಕರಿಗೆ ತೋರಿಸಿದರು. ಬರೀ ಟೈರು ಕೊಟ್ಟಾಗ ಹತ್ತರಲ್ಲಿ ಒಂಬತ್ತರ ದೋಷ ಹಿಡಿದರು. ಕೆಲವು ವಾರ ಬಿಟ್ಟು, ಅವೇ ಟೈರುಗಳ ಮೇಲೆ 'ಸರಿಯಿದೆ' ಎಂಬ ಗುರುತು ಹಾಕಿ ಅದೇ ಜನರ ಮುಂದಿಟ್ಟರು. ಈ ಸಲ ಅರ್ಧದಷ್ಟು ತಪ್ಪಿಸಿಕೊಂಡವು. ಕಣ್ಣು ಅದೇ, ಟೈರು ಅದೇ, ಬಗ್ಗಿ ನೋಡಿದ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. "ಸರಿಯಿದೆ ಅಂತ ಗೊತ್ತಿದ್ದು ನೋಡೋನು, ಸರಿಯಿರೋದನ್ನೇ ಹುಡುಕ್ತಾನೆ. ಅದು ಸೋಮಾರಿತನ ಅಲ್ಲ, ತಲೆ ಇರೋದೇ ಹಾಗೆ. ನನ್ನದೂ ಹಾಗೇ ಇದೆ." ಅವರು ಕೊಟ್ಟ ಪರಿಹಾರ ಒಂದೇ: ಮೊದಲ ಗುರುತನ್ನು ಟೈರಿನ ಮೇಲೆ ಹಾಕಬೇಡಿ, ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ. ಆಗ ಎರಡನೆಯವರು ನಿಜವಾಗಿ ಎರಡನೇ ಸಲ ನೋಡಿದಂತಾಗುತ್ತದೆ.

ಮೇಲಿನವರು ಮೂಗು ಮುರಿದರು. "ಇಷ್ಟು ಸಣ್ಣ ವಿಷಯಕ್ಕೆ ಅಷ್ಟೊಂದು ಓದಬೇಕಿತ್ತೇನಮ್ಮಾ?" ಎಂದು ಒಬ್ಬ ಅಧಿಕಾರಿ ನಕ್ಕರಂತೆ. "ಸಣ್ಣದೇ ಅಲ್ವಾ ಸಾರ್, ಹಾಗಿದ್ರೆ ಮಾಡಿಬಿಡಿ" ಎಂದರಂತೆ ಇವರು. ಮಾಡಲಿಲ್ಲ. ವರದಿ ಬೀರು ಸೇರಿತು.

ಎರಡು ವರ್ಷದ ನಂತರ ಈ ಡಿಪೋದಿಂದ ಹೊರಟ ಬಸ್ಸೊಂದರ ಮುಂದಿನ ಟೈರು ತಿರುವಿನಲ್ಲಿ ಸಿಡಿಯಿತು. ಬಸ್ಸು ಚರಂಡಿಗೆ ಇಳಿಯಿತು. ಪ್ರಯಾಣಿಕರಿಗೆ ಗಾಯಗಳಾದವು, ಡ್ರೈವರ್ ಕಾಲು ಮುರಿಯಿತು. ಟೈರಿನ ಒಳಪಕ್ಕದಲ್ಲಿ ಹಳೆಯ ಸೀಳು ಇತ್ತು. ಹೊರಪಕ್ಕದಲ್ಲಿ ಎರಡು ಗುರುತು. ಮೊದಲು ನೋಡಿದವನು ಹೊಸಬ ಎಂದು ಎಚ್ಚರಿಕೆ ಕೊಟ್ಟು ಬಿಟ್ಟರು. ಎರಡನೇ ಗುರುತು ಹಾಕಿದ ಹಿರಿಯ ಪರೀಕ್ಷಕರನ್ನು ಅಮಾನತು ಮಾಡಿದರು. ಡಿಪೋದಲ್ಲಿ ಎಲ್ಲರೂ ಅವರನ್ನು ದೊಡ್ಡಣ್ಣ ಎನ್ನುತ್ತಾರೆ. ನಿವೃತ್ತಿಗೆ ಇನ್ನು ಸ್ವಲ್ಪವೇ ಕಾಲವಿದೆ. ವಜಾ ಆದರೆ ಪಿಂಚಣಿಯೂ ಇಲ್ಲ, ಮರ್ಯಾದೆಯೂ ಇಲ್ಲ.

ವಿಚಾರಣೆಗೆ ಮೂವರ ಸಮಿತಿ ಕೂತಿತು. ತಜ್ಞರ ಮಾತೊಂದು ಇರಲಿ ಎಂದು ಮೇಡಂ ಅವರನ್ನು ಕರೆಸಿದರು. ಅಧ್ಯಕ್ಷರು ಸೀಳಿನ ಫೋಟೊ ಮುಂದಿಟ್ಟು, "ಸಣ್ಣ ಮಗುವಿಗೂ ಕಾಣುತ್ತೆ ಇದು. ಇವರಿಗೆ ಕಾಣಲಿಲ್ಲ ಅಂದ್ರೆ ನೋಡೇ ಇಲ್ಲ ಅಂತ ತಾನೇ ಅರ್ಥ?" ಎಂದು ಕೇಳಿದರು.

"ಸೀಳಿದೆ ಅಂತ ಗೊತ್ತಾದ ಮೇಲೆ ನೀವು ನೋಡ್ತಿದೀರಿ ಸಾರ್. ಅವರ ಕೈಗೆ ಟೈರ್ ಬಂದಿದ್ದು ಸರಿಯಿದೆ ಅನ್ನೋ ಗುರುತಿನ ಜೊತೆಗೆ." ಇಷ್ಟು ಹೇಳಿ ಅವರು ಚೀಲದಿಂದ ಫೋಟೊಗಳ ಕಟ್ಟು ತೆಗೆದರು. "ಬೇಕಿದ್ರೆ ನೀವೇ ಮೂರು ಜನ ಒಬ್ಬರಾದ ಮೇಲೆ ಒಬ್ಬರು ಇವನ್ನ ನೋಡಿ, ಗುರುತು ಹಾಕಿ ದಾಟಿಸಿ. ಏನಾಗುತ್ತೆ ನೋಡೋಣ."

"ನಾವಿಲ್ಲಿ ಪರೀಕ್ಷೆ ಬರೆಯೋಕೆ ಬಂದಿಲ್ಲ."

"ಆಯ್ತು. ಕೊಟ್ಟೆ, ನೀವು ಒಲ್ಲೆ ಅಂದ್ರಿ, ಅಷ್ಟು ಬರ್ಕೊಳ್ಳಿ."

ಬರೆದುಕೊಳ್ಳಲಿಲ್ಲ. ಬದಲಿಗೆ, ಅವರು ಬರೆದುಕೊಟ್ಟಿದ್ದ ಹೇಳಿಕೆಯಿಂದ ಒಂದು ಸಾಲು ತೆಗೆಯಬೇಕೆಂದು ಸಮಿತಿಯ ಇನ್ನೊಬ್ಬರು ನಯವಾಗಿ ಸೂಚಿಸಿದರು: 'ಲೋಪ ಈ ವ್ಯಕ್ತಿಯದಲ್ಲ, ಪದ್ಧತಿಯದು.' ತೆಗೆದರೆ ಡಿಪೋದೊಳಗಿನ ಸಂಶೋಧನೆ ಮುಂದುವರಿಸಲು ಅಡ್ಡಿಯಿಲ್ಲ. ಒಬ್ಬ ಮನುಷ್ಯನ ತಲೆ ಸಿಕ್ಕರೆ ಕಡತ ಮುಚ್ಚಬಹುದು. ಪದ್ಧತಿಗೆ ತಲೆಯೇ ಇಲ್ಲವಲ್ಲ, ಯಾರ ತಲೆದಂಡ ಕೇಳುವುದು? ಮೇಡಂ ಸಾಲು ತೆಗೆಯಲಿಲ್ಲ. ಮಾರನೆಯ ಬೆಳಿಗ್ಗೆ ಗೇಟಿನ ಕಾವಲುಗಾರರು ತಲೆ ತಗ್ಗಿಸಿಕೊಂಡು ಅವರನ್ನು ತಡೆದರು. ಮೇಜನ್ನು ಹೊತ್ತು ತಂದು ರಸ್ತೆಯ ಈಚೆ ಹಾಕಿಕೊಟ್ಟವರೂ ಅವರೇ.

ಕಾಲು ಮುರಿದ ಡ್ರೈವರ್ ಒಂದು ದಿನ ಊರುಗೋಲಿನಲ್ಲಿ ಬಂದು ಇದೇ ಮೇಜಿನ ಮುಂದೆ ನಿಂತಿದ್ದರು. "ಯಾರದೂ ತಪ್ಪಿಲ್ಲ ಅಂದ್ರೆ ನನ್ನ ಕಾಲಿಗೆ ಜವಾಬು ಯಾರು ಮೇಡಂ?" ಆ ಪ್ರಶ್ನೆಯಿಂದ ಅವರು ಜಾರಿಕೊಳ್ಳಲಿಲ್ಲ. "ಜವಾಬು ಇದೆ. ಗುರುತು ಮರೆಮಾಡಿ ಅಂತ ಬರೆದುಕೊಟ್ಟಿದ್ದೆ, ಓದಿದವರು ಸುಮ್ಮನಿದ್ರು. ಮಾಡಿದ್ರೆ ನಿಮ್ಮ ಕಾಲು ಉಳೀತಿತ್ತು ಅಂತ ಖಂಡಿತ ಹೇಳೋಕೆ ನನಗಾಗಲ್ಲ. ಆದರೆ ದೊಡ್ಡಣ್ಣನ್ನ ತೆಗೆದುಹಾಕಿದ್ರೆ, ನಾಳೆ ಅವರ ಜಾಗಕ್ಕೆ ಬಂದೋರೂ ಅದೇ ಗುರುತು ನೋಡ್ಕೊಂಡೇ ಟೈರ್ ನೋಡ್ತಾರೆ." ಡ್ರೈವರ್ ಒಪ್ಪಿದರೋ ಇಲ್ಲವೋ, ಸ್ಟೂಲಿನ ಮೇಲೆ ಕೂತು ಫೋಟೊ ನೋಡಿ ಹೋದರು.

ಅಷ್ಟರಲ್ಲಿ ದೊಡ್ಡಣ್ಣನವರಿಗೆ ಮೇಲಿನವರಿಂದ ಒಂದು ಸಂಧಾನದ ಮಾತು ಬಂತು. 'ಟೈರು ಪರೀಕ್ಷಿಸದೆ ಗುರುತು ಹಾಕಿದೆ' ಎಂದು ಬರೆದುಕೊಟ್ಟರೆ ಕೆಳಗಿನ ಹುದ್ದೆಯಲ್ಲಿ ಕೆಲಸ ಉಳಿಯುತ್ತದೆ. ಏನು ಮಾಡಲಿ ಎಂದು ಅವರು ಮೇಡಂ ಮನೆಗೆ ಹೋದರು. "ಮೇಡಂ, 'ನನ್ನ ಅಭಿಪ್ರಾಯ ಈಗ ಹೇಳಲ್ಲ, ಹೇಳಿದ್ರೆ ನೀವು ಅದರ ಹಿಂದೆ ಹೋಗ್ತೀರಿ, ಮೊದಲು ನಿಮ್ಮದು ಹೇಳಿ' ಅಂತ ಕೂತುಬಿಟ್ರು. ಟೀ ಆರಿಹೋಯ್ತು, ಬಾಯಿ ಬಿಡಲಿಲ್ಲ" ಎಂದು ದೊಡ್ಡಣ್ಣ ನೆನೆಯುತ್ತಾರೆ. "ಕೊನೆಗೆ ನಾನೇ ಅಂದೆ. ಆ ಡ್ರೈವರ್ ಕಾಲು ನನ್ನ ಎದೆ ಮೇಲಿದೆ, ಅದು ಇಳಿಯಲ್ಲ. ಆದರೆ ನೋಡಿಲ್ಲ ಅಂತ ಹೇಗೆ ಬರೆದುಕೊಡಲಿ? ಮಂಡಿ ಊರಿ ನೋಡಿದೀನಿ ತಾಯಿ. ಕಾಣಲಿಲ್ಲ." ಆಮೇಲಷ್ಟೇ ಮೇಡಂ ತಮ್ಮ ಮಾತು ಹೇಳಿದರು: ಬರೆದುಕೊಡಬೇಡಿ.

ಬರೆದುಕೊಡಲಿಲ್ಲ. ವಜಾ ಆದೇಶ ಬಂತು. ಮುಂದಿನ ವಾರ ಮೇಲ್ಮನವಿಯ ವಿಚಾರಣೆ, ಅದೇ ಕೊನೆಯದು.

ಮೇಡಂ ಮನೆಯಲ್ಲಿ ಅತ್ತೆ ಅವರೆಕಾಳು ಬಿಡಿಸುತ್ತಾ ಸೊಸೆಯನ್ನು ದೂರುತ್ತಾರೆ. "ಊರೋರ ಕಣ್ಣೆಲ್ಲಾ ಪರೀಕ್ಷೆ ಮಾಡ್ತಾಳೆ, ಒಲೆ ಮೇಲಿನ ಹಾಲು ಉಕ್ಕಿದ್ದು ಕಾಣಲ್ಲ. ಆದರೆ ಹಿಡಿದಿದ್ದು ಬಿಡೋಳಲ್ಲ, ಅದೊಂದು ಹೇಳ್ತೀನಿ ಬರ್ಕೊಳ್ಳಿ." ಪ್ರಶಸ್ತಿಯ ಆಸೆ ಇಲ್ಲವೇ ಎಂದು ಮೇಡಂ ಅವರನ್ನೇ ಕೇಳಿದೆ. "ಇನ್ಯಾರಾದ್ರೂ ನನ್ನ ಪ್ರಯೋಗಾನ ಬೇರೆ ಕಡೆ ಮಾಡಿ ನೋಡಲಿ. ನನಗೇನು ಸಿಕ್ತು ಅಂತ ಕೇಳದೇನೇ ಮಾಡಲಿ. ತಪ್ಪು ಅಂತ ಬಂದ್ರೆ ಆ ಸಮಿತಿ ಮುಂದೆ ನಾನೇ ಹೋಗಿ ತಪ್ಪು ಅಂತೀನಿ. ಅವರಿಗೆ ಬೇಡ ಅಂತ ಮಾತ್ರ ಅಳಿಸಲ್ಲ."

ಮೇಲ್ಮನವಿಯಲ್ಲಿ ಮೇಡಂ ಅವರನ್ನು ಕೇಳುವುದು ಒಂದೇ ಪ್ರಶ್ನೆಯಂತೆ: ಎಚ್ಚರದಿಂದ ನೋಡುವ ಮನುಷ್ಯನಿಗೆ ಆ ಸೀಳು ಕಾಣುತ್ತಿತ್ತೋ ಇಲ್ಲವೋ? ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬೇಕೆಂದು ಮೊದಲೇ ತಿಳಿಸಿದ್ದಾರೆ. ಯಾವುದು ಹೇಳುತ್ತೀರಿ ಎಂದೆ.

"ಎಚ್ಚರದ ಮನುಷ್ಯನೇ ನೋಡಿದ್ದು, ಕಾಣಲಿಲ್ಲ. ಇದನ್ನೇ ಹೇಳ್ತೀನಿ."

ಅದು ಹೌದೂ ಅಲ್ಲ, ಇಲ್ಲವೂ ಅಲ್ಲ, ಬರೆದುಕೊಳ್ಳದಿದ್ದರೆ?

"ಬರ್ಕೊಳ್ಳೋವರೆಗೂ ಕುರ್ಚಿ ಬಿಟ್ಟು ಏಳಲ್ಲ" ಎಂದರು.